ರೊಟ್ಟಿ ಸಪ್ಪಳಕ್ಕೆ ಹೊರಬಂದ ನಾಯಿ

ಆಗಿನ್ನೂ ನನ್ನ ಮಾತನ್ನು ಊರಿಗೆ, ಊರಿನ ಮಾತನ್ನು ನನಗೆ ದಾಟಿಸುವುದಕ್ಕೆ ನಮ್ಮ ಮನೆಯಲ್ಲಿ ಒಂಬತ್ತು ವರ್ಷದ ಹುಡುಗಿ ಒಬ್ಬಳಿದ್ದಳು. ನನ್ನ ಮೊಮ್ಮಗಳು ಮೈತ್ರಿ. ಬಾಲ್ಯದ ನೆನಪು ಬರೆಯುವವರು ತಮ್ಮ ಬಾಲ್ಯವನ್ನೇ ಬರೆಯುತ್ತಾರೆ. ನನ್ನದರಲ್ಲಿ ಬರೆಯುವಂಥದ್ದೇನೂ ಇಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟೆ, ಹದಿನಾರಕ್ಕೆ ಮದುವೆಯಾಯಿತು. ಇಲ್ಲಿ ಬರೆದಿರುವುದು ಅವಳ ಬಾಲ್ಯದ ಒಂದು ಚಳಿಗಾಲ. ಅವಳಿಗೆ ಅದು ಸರಿಯಾಗಿ ನೆನಪಿಲ್ಲ. ಈಗ ನೆನಪಿಟ್ಟುಕೊಂಡವಳು ನಾನೊಬ್ಬಳೇ.

ಮಗನಿಗೆ ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಎಣ್ಣೆ ಕಂಪನಿಯ ಕೆಲಸ. ಕಂಪನಿಯದೇ ಕ್ವಾರ್ಟರ್ಸು, ನೆಲಮಹಡಿಯ ಮನೆ. ನನ್ನ ಗಂಡ ತೀರಿಕೊಂಡ ಮೇಲೆ ಗದಗಿನ ಕಡೆಯಿಂದ ನನ್ನನ್ನು ಅಲ್ಲಿಗೆ ಕರೆತಂದು ಒಂದು ವರ್ಷವಾಗಿತ್ತು. ಬೆಳಿಗ್ಗೆ ಎಂಟಕ್ಕೆ ಮಗ ಆಫೀಸಿಗೆ ಹೋಗುತ್ತಿದ್ದ. ಸೊಸೆ ಸುನಂದಾ ಶಾಲೆಯಲ್ಲಿ ಟೀಚರು, ಮೈತ್ರಿಯದೂ ಅದೇ ಶಾಲೆ. ಅವರು ತಿರುಗಿ ಬರುವುದು ಮಧ್ಯಾಹ್ನ ಮೂರಕ್ಕೆ. ಅಲ್ಲಿಯ ತನಕ ನನ್ನ ಬಾಯಿಗೆ ಕೆಲಸವಿಲ್ಲ. ನನಗೆ ಹಿಂದಿ ಬಾರದು, ಗುಜರಾತಿ ಮೊದಲೇ ಬಾರದು. ಎದುರುಮನೆಯಾಕೆ ಏನಾದರೂ ಅಂದರೆ ನಗುತ್ತಿದ್ದೆ. ನಕ್ಕು ನಕ್ಕು ದವಡೆ ನೋಯುತ್ತಿತ್ತು.

ನಮಗೆ ಸಂಕ್ರಮಣ, ಇಲ್ಲಿಯವರಿಗೆ ಉತ್ತರಾಯಣ. ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಬಿಡುತ್ತದೆ. ಒಂದೊಂದು ಮಾಳಿಗೆಯ ಮೇಲೂ ಒಂದೊಂದು ದೊಡ್ಡ ಸ್ಪೀಕರು. ಆ ವರ್ಷ ನಾನು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆ. ಅಕ್ಕಪಕ್ಕದವರು ಉಂಧಿಯು ಪಲ್ಯ, ಚಿಕ್ಕಿ ಕೊಟ್ಟಿದ್ದರು. ಇಲ್ಲಿ ಹಬ್ಬ ಎರಡು ದಿನ. ಎರಡನೆಯ ದಿನ ಮೈತ್ರಿ ಕಟ್ಟಡದ ಮೆಟ್ಟಿಲ ಕಡೆಯಿಂದ ಓಡಿ ಬಂದಳು.

"ಆಯಿ, ಮೆಟ್ಟಲ ಕೆಳಗ ನಾಯಿ ಐತಿ. ಹಿಂಗಾಲಿಗೆ ಮಾಂಜಾ ಸುತ್ತಿಕೊಂಡೈತಿ. ರಕ್ತಾ ಸೋರಾಕತ್ತೈತಿ!"

"ಮುಟ್ಟಬ್ಯಾಡ. ಕಡಿತೈತಿ."

"ಕಡಿಯಂಗಿಲ್ಲ. ಅದs ನಡಗಾಕತ್ತೈತಿ."

ಹೋಗಿ ನೋಡಿದೆ. ಕೆಂದು ಬಣ್ಣದ ಹೆಣ್ಣು ನಾಯಿ, ಇನ್ನೂ ಎಳೆಯದು. ಗಾಳಿಪಟದ ಗಾಜಿನ ದಾರ ಕಾಲಿನ ಮಾಂಸದೊಳಗೆ ಇಳಿದಿತ್ತು. ಮಾಳಿಗೆಯ ಮೇಲೆ ಜನ ಕೂಗಿದಾಗಲೆಲ್ಲ ಅದು ಗೋಡೆಯೊಳಗೆ ಹೋಗುವ ಹಾಗೆ ಒತ್ತಿಕೊಳ್ಳುತ್ತಿತ್ತು. ಬೀದಿಯ ಪ್ರಾಣಿಗಳನ್ನು ನೋಡಿಕೊಳ್ಳುವ ಮಂದಿಗೆ ಮಗ ಫೋನು ಮಾಡಿದ. ಕಿಂಜಲ್‌ಬೆನ್ ಎನ್ನುವ ಹುಡುಗಿ ಸ್ಕೂಟರಿನಲ್ಲಿ ಬಂದು ದಾರ ಕತ್ತರಿಸಿ ಪಟ್ಟಿ ಕಟ್ಟಿದಳು. ಕುತ್ತಿಗೆ ಸುತ್ತ ಕೂದಲಿಲ್ಲದ ಪಟ್ಟೆಯನ್ನು ತೋರಿಸಿ ಏನೋ ಹೇಳಿದಳು. ಮೈತ್ರಿ ನನಗೆ ದಾಟಿಸಿದಳು.

"ಇದನ್ನ ಯಾರೋ ಕಟ್ಟಿ ಹಾಕಿ ಬಡದಾರಂತ. ಇಂಥಾ ಪುಕ್ಕಲ ನಾಯಿ ರಸ್ತೆದಾಗ ಉಳಿಯಂಗಿಲ್ಲಂತ, ಸಪ್ಪಳಾದ್ರ ಗಾಡಿಗೆ ಅಡ್ಡ ಓಡಿ ಸಾಯತೈತಂತ. ಅವರ ಜಾಗಾ ತುಂಬೈತಂತ. ಮನಿ ಸಿಗೂತನಾ ನಾವು ಇಟ್ಟುಕೋಬೇಕಂತ."

ಕಡೆಯ ಮಾತು ಕಿಂಜಲ್‌ಬೆನ್ ಹೇಳಿದ್ದೋ ಇವಳೇ ಸೇರಿಸಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸುನಂದಾಗೆ ನಾಯಿಯ ಕೂದಲು ತಾಗಿದರೆ ಉಬ್ಬಸ. ಆದರೂ ಇಲ್ಲ ಅನ್ನಲಿಲ್ಲ. "ಹೋಳಿ ಹುಣ್ಣಿಮಿ ತನಕ ನೋಡ್ರಿ ಅತ್ತಿ," ಅಂದಳು. "ಅಷ್ಟರೊಳಗ ಮನಿ ಹುಡುಕಬೇಕು. ಹಿಂದಿನ ಬಾಲ್ಕನಿ ದಾಟಿ ಒಳಗ ಬರಬಾರದು. ಮತ್ತ ಯಾರೂ ಹಚಿಗೋಬ್ಯಾಡ್ರಿ, ಆಮ್ಯಾಲೆ ಅಳೂದು ಬ್ಯಾಡ."

ನಾನೂ ಮೈತ್ರಿಗೆ ಹೇಳಿದೆ, "ಹೆಸರು ಇಡಬ್ಯಾಡ. ಹೆಸರಿಟ್ಟರ ನಮ್ಮದಾಗತೈತಿ. ಒಯ್ಯೋರು ಇಟ್ಟುಕೊಳ್ಳಲಿ."

ನಾಯಿ ಬಾಲ್ಕನಿಯ ವಾಷಿಂಗ್ ಮಷೀನಿನ ಹಿಂದೆ ಹೋಗಿ ಸೇರಿಕೊಂಡಿತು. ಹತ್ತು ದಿನ ಅದರ ಬೆನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಎಲ್ಲ ಅಲ್ಲೇ ಮಾಡಿಕೊಳ್ಳುತ್ತಿತ್ತು, ತೊಳೆಯುವವಳು ನಾನು. ಮೈತ್ರಿ ಶಾಲೆಯಿಂದ ಬಂದವಳೇ ನೆಲದ ಮೇಲೆ ಬೋರಲು ಮಲಗಿ, ಬಿಸ್ಕೀಟು ಹಿಡಿದು, ಸಂದಿಯೊಳಗೆ ಕಣ್ಣು ಹಾಕುತ್ತಿದ್ದಳು.

"ಹಂಗ ನೋಡಬ್ಯಾಡ," ಅಂದೆ. "ಹೊಸಾ ಸೊಸಿ ಉಣ್ಣೂ ಮುಂದ ಎಲ್ಲಾರೂ ಮಾರಿ ನೋಡಕೋತ ಕುಂತರ ತುತ್ತು ಇಳಿಯಂಗಿಲ್ಲ."

"ನಿನ್ನ ಹಂಗ ನೋಡಿದ್ರೇನು?"

"ನೋಡಿದ್ರು. ಬಿಸ್ಕೀಟ ಒಬ್ಬರೂ ಕೊಡಲಿಲ್ಲ."

ಅಡುಗೆಮನೆಯಲ್ಲಿ ಹಿಟ್ಟು ಹಾರುತ್ತದೆಂದು ನಾನು ಜೋಳದ ರೊಟ್ಟಿಯನ್ನು ಆ ಬಾಲ್ಕನಿಯಲ್ಲೇ ಮಾಡುತ್ತಿದ್ದೆ. ಒಂದು ಬರ್ನರಿನ ಒಲೆ, ಹಂಚು, ಹಲಗೆ. ಎಲ್ಲರೂ ಹೋದ ಮೇಲೆ ಕೂತು ಬಡಿಯುತ್ತಿದ್ದೆ. ಮೊದಲ ದಿನ ನನ್ನ ಅಂಗೈ ಹಲಗೆಗೆ ಬಿದ್ದದ್ದೇ ತಡ, ನಾಯಿ ಬೆಚ್ಚಿ ಗೋಡೆಗೆ ತಲೆ ಹೊಡೆದುಕೊಂಡಿತು. ಹಾಗೆಂದು ಬಡಿಯುವುದನ್ನು ನಿಲ್ಲಿಸಲಿಲ್ಲ. ಅದಕ್ಕೆ ಹೆದರಿಕೆಯೆಂದು ಮನೆ ಮಂದಿ ಉಪವಾಸ ಇರಲಿಕ್ಕಾಗುತ್ತದೆಯೇ? ಮೊದಲ ರೊಟ್ಟಿ ಹಂಚಿನಿಂದ ಇಳಿದ ಕೂಡಲೇ ಅಂಚು ಮುರಿದು ಹಿಂದಕ್ಕೆ ಎಸೆಯುತ್ತಿದ್ದೆ. ತಿರುಗಿ ನೋಡುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಗಿಯುವ ಸಪ್ಪಳ ಬರುತ್ತಿತ್ತು.

ಹನ್ನೆರಡನೆಯ ದಿನವೋ ಏನೋ, ಮೊದಲ ರೊಟ್ಟಿ ಅರ್ಧ ತಟ್ಟಿದ್ದೆ. ಮೊಣಕಾಲ ಹತ್ತಿರ ತಣ್ಣಗೆ ಏನೋ ತಾಗಿತು. ಅದರ ಮೂಗು. ನಾನು ಅಲುಗಾಡಲಿಲ್ಲ. ಕೈ ಮಾತ್ರ ಬಡಿಯುತ್ತಲೇ ಇತ್ತು. ಆವತ್ತಿನಿಂದ ದಿನಾ ರೊಟ್ಟಿ ಸಪ್ಪಳ ಕೇಳಿದರೆ ಹೊರಗೆ ಬರುತ್ತಿತ್ತು. ಸಪ್ಪಳ ನಿಂತು, ಉಳಿದವರು ಮನೆಗೆ ಬರುವ ಹೊತ್ತಿಗೆ ಮತ್ತೆ ಸಂದಿ ಸೇರುತ್ತಿತ್ತು. ನನ್ನ ಕೈಯಿಂದಲೇ ತಿನ್ನತೊಡಗಿತು.

ನಾನು ಅದರೊಡನೆ ಮಾತಾಡುತ್ತಿದ್ದೆ. ಎಂಥ ಮಾತು? ಮೊಣಕಾಲು ನೋವಿನದು. ಇಲ್ಲಿಯ ಬದನೆಕಾಯಿಗೆ ರುಚಿಯಿಲ್ಲ ಅನ್ನುವುದು. ನನ್ನ ಗಂಡ ರೊಟ್ಟಿ ದಪ್ಪವಾದರೆ ತಟ್ಟೆ ಸರಿಸಿ ಏಳುತ್ತಿದ್ದುದು. ನಾಯಿಗೆ ತಿಳಿಯಿತು ಎಂದು ನಾನು ಹೇಳುವುದಿಲ್ಲ. ತಿಳಿಯದಿದ್ದರೂ ಎದ್ದು ಹೋಗುತ್ತಿರಲಿಲ್ಲ, ಅಷ್ಟೇ. ಇದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹಚ್ಚಿಕೊಳ್ಳಬೇಡ ಎಂದು ಮಗುವಿಗೆ ಹೇಳಿ ನಾನೇ ಹಚ್ಚಿಕೊಂಡೆ ಎಂದರೆ ನಗುತ್ತಾರೆ.

ಮಹಾಶಿವರಾತ್ರಿಯ ಮುಂಚೆ ನಾಯಿಯನ್ನು ನೋಡುವವರು ಬರತೊಡಗಿದರು. ಕಿಂಜಲ್‌ಬೆನ್ ಕಳಿಸುತ್ತಿದ್ದಳು. ಮೊದಲು ಬಂದವರು ವಾಷಿಂಗ್ ಮಷೀನಿನ ಹಿಂದೆ ಬಾಲ ನೋಡಿ, ಚಹಾ ಕುಡಿದು, ಹೋದರು. ಎರಡನೆಯವರು ಸ್ಯಾಟಲೈಟ್ ಎನ್ನುವ ಬಡಾವಣೆಯ ಗಂಡಹೆಂಡಿರು. ಹೆಂಡತಿಯ ಹೆಸರು ಜಿಗ್ನಾಬೆನ್. ಮಕ್ಕಳಿಲ್ಲ, ಮೆತ್ತಗೆ ಮಾತಾಡುವ ಜನ. ನಾನು ಉಪ್ಪಿಟ್ಟು ಮಾಡಿ ಕೊಟ್ಟೆ. ಮಗ ನಕ್ಕ. "ಯವ್ವಾ, ಹೆಣ್ಣು ನೋಡಾಕ ಬಂದಾರೇನು?" ಅಂದ.

"ಮತ್ತೇನು," ಅಂದೆ. "ಮನಿ ಬಿಟ್ಟು ಮನಿಗೆ ಹೋಗೂದೈತಿ. ನಾ ಅವರ ಮನಿ ನೋಡೂತನಾ ಕಳಸಂಗಿಲ್ಲ."

ಮೈತ್ರಿಯನ್ನು ಕರೆದುಕೊಂಡು ಹೋಗಿ ನೋಡಿಯೂ ಬಂದೆ. ಏಳನೆಯ ಮಹಡಿ. ಕುಡಿಯುವ ನೀರಿನ ಕೊಡಕ್ಕೆ ಮುಚ್ಚಳವಿತ್ತು. ಚಪ್ಪಲಿಗಳು ಸಾಲಾಗಿದ್ದವು. ಗಂಡ ಹೆಂಡತಿಯನ್ನು ಕೂಗಿ ಕರೆಯಲಿಲ್ಲ, ಇದ್ದಲ್ಲಿಗೆ ಎದ್ದು ಹೋಗಿ ಕೇಳಿದ. ನಾಯಿಗೆ ಹಾಸಿಗೆ ಆಗಲೇ ತಂದಿಟ್ಟಿದ್ದರು. ಇದಕ್ಕಿಂತ ಒಳ್ಳೆಯ ಮನೆ ಎಲ್ಲಿ ಸಿಗುತ್ತದೆ ಎಂದು ಅನಿಸಿತು. ಜಿಗ್ನಾಬೆನ್ ಕೂತು ಕೇಳಿದರು, ಇದರ ಸ್ವಭಾವ ಹೇಗೆ, ಏನು ತಿನ್ನುತ್ತದೆ, ಯಾವುದಕ್ಕಾದರೂ ಹೆದರುತ್ತದೆಯೇ ಎಂದು.

"ಯಾವ ಕುಂದೂ ಇಲ್ಲ ಅನ್ನು," ಎಂದು ಮೈತ್ರಿಗೆ ಹೇಳಿದೆ. "ಏನು ಹಾಕಿದ್ರೂ ತಿಂತೈತಿ. ಹೊಸಬರಂತ ಸ್ವಲ್ಪ ನಾಚತೈತಿ, ಅಷ್ಟ."

ಮೈತ್ರಿ ನನ್ನ ಮುಖ ನೋಡಿದಳು. "ಕಸಬರಿಗಿ ಕಂಡ್ರ ಹೆದರತೈತಲ್ಲ ಆಯಿ? ಮೂತ್ರಾ ಮಾಡಿಕೊಳ್ತೈತಿ."

"ಅದನ್ನ ಹೇಳಬ್ಯಾಡ. ಹೇಳಿದ್ರ ಯಾರು ಒಯ್ತಾರ?"

"ಸುಳ್ಳ ಹೇಳ್ಲೇನು?"

"ಸುಳ್ಳಲ್ಲವಾ. ಹೆಣ್ಣು ಕೊಡೂ ಮುಂದ ಹಿಂಗs ಹೇಳತಾರ. ನಾ ಹೇಳಿದ್ದು ಹೇಳು."

ಅವಳು ನೆಲ ನೋಡುತ್ತ ಹಿಂದಿಯಲ್ಲಿ ಹೇಳಿದಳು. ಜಿಗ್ನಾಬೆನ್ ಅವಳ ಗಲ್ಲ ಸವರಿ ಚಾಕಲೇಟು ಕೊಟ್ಟರು. ದಾರಿಯುದ್ದಕ್ಕೂ ಅದನ್ನು ಬಿಚ್ಚದೆ ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದಳು.

ನನ್ನನ್ನೂ ಹೀಗೇ ಕೊಟ್ಟಿದ್ದರು. ರೊಟ್ಟಿ ಬಡಿಯಲು ಬರುತ್ತದೆ, ಎಮ್ಮೆ ಹಿಂಡುತ್ತಾಳೆ, ಹೇಳಿದಂತೆ ಕೇಳುತ್ತಾಳೆ ಎಂದು ಅಪ್ಪ ಹೇಳಿದ. ನನಗೆ ರೊಟ್ಟಿ ಬರುತ್ತಿರಲಿಲ್ಲ, ಎಮ್ಮೆಯನ್ನು ಕಂಡರೆ ಅಂಜಿಕೆ. ಎರಡೂ ಮೊದಲ ದಿನವೇ ಗೊತ್ತಾಯಿತು. ಆ ಮನೆಯಲ್ಲಿ ಮೊದಲ ಒಂದು ತಿಂಗಳು ನಾನು ಧಾನ್ಯದ ಚೀಲಗಳ ಸಂದಿಯಲ್ಲಿ ಕೂತು ಅಳುತ್ತಿದ್ದೆ. ಮುಚ್ಚಿಟ್ಟು ಕೊಟ್ಟರೆ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದೂ ಹಾಗೆ ಮಾಡಿದೆ. ಒಳ್ಳೆಯ ಮನೆ ತಪ್ಪಿಹೋಗುತ್ತದೆ ಎಂಬ ಅಂಜಿಕೆ ಅಂಥದು.

ನಾಯಿಯನ್ನು ಕಾರಿನಲ್ಲಿ ಒಯ್ದರು. ಮರುದಿನ ರೊಟ್ಟಿ ಬಡಿದೆ. ಮೊದಲ ರೊಟ್ಟಿಯ ಅಂಚು ಮುರಿದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಆಮೇಲೆ ನಾನೇ ತಿಂದೆ.

ಮೂರನೆಯ ದಿನ ಭಾನುವಾರ. ಬೆಳಿಗ್ಗೆ ಹತ್ತಕ್ಕೆ ಕಿಂಜಲ್‌ಬೆನ್ ಫೋನು ಮಾಡಿದಳು. ಮೂರು ದಿನ ಅದು ಏನೂ ತಿಂದಿರಲಿಲ್ಲ. ಆವತ್ತು ಕೆಲಸದಾಕೆ ಕಸಬರಿಗೆ ಹಿಡಿದು ಕೋಣೆಗೆ ಹೋದದ್ದೇ, ತೆರೆದ ಬಾಗಿಲಿನಿಂದ ಹಾರಿ ಏಳು ಮಹಡಿಯ ಮೆಟ್ಟಿಲು ಇಳಿದು ಓಡಿಹೋಗಿತ್ತು. ನಾನು, ಮೈತ್ರಿ ಆಟೋ ಹತ್ತಿ ಹೋದೆವು. ಗೇಟಿನ ವಾಚ್‌ಮನ್, ಹೊರಗೆ ಹೋಗಿಲ್ಲ, ನೆಲದಡಿಯ ಪಾರ್ಕಿಂಗಿಗೆ ಇಳಿದಿದೆ ಅಂದ. ಅಲ್ಲಿ ನೂರಾರು ಕಾರು. ಕಿಂಜಲ್‌ಬೆನ್ ಕೋಳಿ ಮಾಂಸದ ತುಂಡು ಇಟ್ಟಳು. ಜಿಗ್ನಾಬೆನ್ ನೆಲಕ್ಕೆ ಬಗ್ಗಿ ಬಗ್ಗಿ ಕರೆದರು, ಅವರ ಸೀರೆಯ ತುಂಬ ಎಣ್ಣೆಯ ಕಲೆ. ಮಧ್ಯಾಹ್ನದ ತನಕ ಹುಡುಕಿದರೂ ಒಂದು ಕೂದಲೂ ಕಾಣಲಿಲ್ಲ. ಗೇಟಿನಾಚೆ ದೊಡ್ಡ ರಸ್ತೆ. ಬಸ್ಸಿನ ಹಾರ್ನು ಕೇಳಿದಾಗಲೆಲ್ಲ ಮೈತ್ರಿ ಆ ಕಡೆ ನೋಡುತ್ತಿದ್ದಳು.

ಜಿಗ್ನಾಬೆನ್ ಅಳುತ್ತ ಏನೋ ಅಂದರು. ಮೈತ್ರಿ ದಾಟಿಸಲಿಲ್ಲ.

"ಏನಂತಾರ?"

"ಮೊದಲs ಹೇಳಿದ್ರ ಮನ್ಯಾಗ ಕಸಬರಿಗಿನ ತರತಿರಲಿಲ್ಲಂತ." ಅವಳು ನನ್ನ ಕಡೆ ತಿರುಗಿದಳು. "ನೀ ಹೇಳಿಸಿದಿ. ನನ್ನ ಬಾಯಿಲೆ ಹೇಳಿಸಿದಿ. ಅದು ಸತ್ತರ ನಾ ಸುಳ್ಳ ಹೇಳಿದ್ದಕ್ಕ ಸಾಯತೈತಿ."

ಯಾರೋ ಬಿಸಾಕಿದ ಹಳೆಯ ಕಪಾಟಿನ ಬಾಗಿಲೊಂದು ಗೋಡೆಗೆ ಒರಗಿತ್ತು. ಅದನ್ನು ನೆಲಕ್ಕೆ ಹಾಕಿ ಮುಂದೆ ಕೂತೆ. ಅಂಗೈಯಿಂದ ಬಡಿಯತೊಡಗಿದೆ. ಹಿಟ್ಟಿಲ್ಲ, ಬರೀ ಕೈ. ತಟ್ಟುವುದು, ತಿರುಗಿಸುವುದು, ತಟ್ಟುವುದು. ಪಾರ್ಕಿಂಗಿನ ತುಂಬ ಸಪ್ಪಳ ಮರುದನಿಯಾಯಿತು. ವಾಚ್‌ಮನ್ ನನ್ನನ್ನು ನೋಡಿ ತಲೆಯ ಹತ್ತಿರ ಬೆರಳು ತಿರುಗಿಸಿದ.

"ಆಯಿ, ಏನ್ ಮಾಡಾಕತ್ತಿ?"

"ಸುಮ್ಮನ ಕೂಡ್ರು. ಯಾವ ಕಡೀನೂ ನೋಡಬ್ಯಾಡ."

ಇಪ್ಪತ್ತು ರೊಟ್ಟಿ ಆಗುವಷ್ಟು ಬಡಿದಿರಬೇಕು. ಅಂಗೈ ಉರಿಯುತ್ತಿತ್ತು. ಆಗ ಮೊಣಕಾಲಿಗೆ ತಣ್ಣಗೆ ತಾಗಿತು. ಕಪ್ಪು ಎಣ್ಣೆ ಮೆತ್ತಿಕೊಂಡ ಮೂಗು.

ಮೈತ್ರಿ ಅದನ್ನೂ ನನ್ನನ್ನೂ ನೋಡಿದಳು. "ನೀ ಒಬ್ಬಾಕಿನ ಇದಕ್ಕ ದಿನಾ ರೊಟ್ಟಿ ಹಾಕತಿದ್ದಿ," ಅಂದಳು. "ಹಚಿಗೋಬ್ಯಾಡ ಅಂತ ನನಗ ಹೇಳಿ."

"ಹೂಂ," ಅಂದೆ.

ಮನೆಗೆ ತಂದೆವು. ಜಿಗ್ನಾಬೆನ್ ಒಳ್ಳೆಯವರು, ಮತ್ತೆ ಒಯ್ಯುತ್ತೇವೆ ಅಂದರು. ಆದರೆ ಆ ಕಟ್ಟಡದ ಗೇಟಿನ ತನಕ ಒಯ್ದರೆ ಸಾಕು, ನಾಯಿ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಹೋಳಿಗೆ ಹದಿನೈದು ದಿನ ಉಳಿದಿತ್ತು. ಸುನಂದಾ ಉಬ್ಬಸದ ಪಂಪನ್ನು ತಲೆದಿಂಬಿನ ಹತ್ತಿರವೇ ಇಟ್ಟುಕೊಳ್ಳುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಬೆಳಿಗ್ಗೆ ಅದನ್ನು ಕ್ವಾರ್ಟರ್ಸಿನ ಹಿಂದಿನ ಹಳೆಯ ಊರಿನ ಕಡೆ ತಿರುಗಾಡಿಸಲು ಒಯ್ಯತೊಡಗಿದೆ. ಅಲ್ಲಿ ಗಾಡಿ ಕಡಿಮೆ. ತಿರುಗಾಟವೆಂದರೆ ಗೋಡೆಗೆ ಅಂಟಿಕೊಂಡು ನಾಲ್ಕು ಹೆಜ್ಜೆ, ನಿಂತು ನಡುಗುವುದು, ಮತ್ತೆ ನಾಲ್ಕು ಹೆಜ್ಜೆ. ಒಂದು ದಿನ ಸಣ್ಣ ಓಣಿಯೊಂದರಲ್ಲಿ ಅದು ನಿಂತಿತು. ಈ ಸಲ ನಡುಗಲಿಲ್ಲ. ಕಿವಿ ನೆಟ್ಟಗಾದವು. ಆಮೇಲೆ ನನಗೂ ಕೇಳಿಸಿತು. ಟಪ್ ಟಪ್, ಟಪ್ ಟಪ್.

ಒಂದು ಮನೆಯ ಜಗಲಿಯ ಮೇಲೆ ನನ್ನ ವಯಸ್ಸಿನ ಮುದುಕಿ ಕಟ್ಟಿಗೆಯ ಒಲೆಯ ಮುಂದೆ ಕೂತು ಸಜ್ಜೆಯ ರೊಟ್ಲಾ ತಟ್ಟುತ್ತಿದ್ದಳು. ಹಲಗೆ ಇಲ್ಲ, ಎರಡು ಅಂಗೈಗಳ ನಡುವೆಯೇ ತಿರುಗಿಸಿ ತಟ್ಟುವ ಪದ್ಧತಿ. ಪಕ್ಕದಲ್ಲಿ ಎರಡು ಎಮ್ಮೆ. ನಾಯಿ ಹಗ್ಗ ಜಗ್ಗಿ ಜಗಲಿಯ ಬುಡಕ್ಕೆ ಹೋಗಿ ನಿಂತಿತು. ಅದು ತಾನಾಗಿ ಒಬ್ಬರ ಹತ್ತಿರ ಹೋದದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ನನಗೆ ಸಂತೋಷವಾಗಬೇಕಿತ್ತು. ಅದರ ಬದಲು ಹಗ್ಗವನ್ನು ಒಮ್ಮೆ ನನ್ನ ಕಡೆಗೆ ಎಳೆದೆ.

ಮುದುಕಿ ನಾಯಿಯ ಮುಖ ನೋಡಲಿಲ್ಲ. ರೊಟ್ಲಾದ ಚೂರು ಮುರಿದು ಪಕ್ಕಕ್ಕೆ ಇಟ್ಟಳು, ಮತ್ತೆ ತಟ್ಟತೊಡಗಿದಳು.

ಮರುದಿನ ಶಾಲೆಗೆ ರಜೆ. ಮೈತ್ರಿಯನ್ನು ಕರೆದುಕೊಂಡು ಹೋದೆ. ಇಲ್ಲಿ ಮುದುಕಿಯರಿಗೆ ಬಾ ಅನ್ನುತ್ತಾರೆ, ಮೈತ್ರಿಯೂ ಬಾ ಎಂದೇ ಕರೆದಳು. ನಾನು ಜಗಲಿಯ ಮೇಲೆ ಕೂತು, "ಈ ಸಲ ಎಲ್ಲಾ ಹೇಳು," ಅಂದೆ. "ಒಂದೂ ಬಿಡಬ್ಯಾಡ. ಕಸಬರಿಗಿಗೆ ಹೆದರತೈತಿ. ಚಪ್ಪಲಿ ಕೈಯಾಗ ಹಿಡದ್ರ ಹೆದರತೈತಿ. ಪಟಾಕಿ, ಸ್ಪೀಕರ್, ಗಂಡಸರ ಕೆಮ್ಮು. ಕಟ್ಟಿದ್ರ ಉಣ್ಣಂಗಿಲ್ಲ. ಮನಿ ಕಾಯಂಗಿಲ್ಲ, ಕಳ್ಳ ಬಂದ್ರ ಕಳ್ಳಗಿಂತ ಮೊದಲ ಓಡತೈತಿ. ಯಾತಕ್ಕೂ ಉಪಯೋಗಿಲ್ಲ ಅನ್ನು."

ಮೈತ್ರಿ ಬೆರಳು ಮಡಚಿ ಮಡಚಿ ಗುಜರಾತಿಯಲ್ಲಿ ಹೇಳಿದಳು. ತನ್ನದೂ ಒಂದೆರಡು ಸೇರಿಸಿದಳು. ಬಾ ಎಲ್ಲ ಕೇಳಿ, ಹಿಟ್ಟಿನ ಕೈ ಒರೆಸಿಕೊಂಡು ಇಷ್ಟೇ ಅಂದಳು, "ಬೇಸ್‌ವಾ ದೋ ನೆ."

"ಕೂಡ್ರಲಿ ಬಿಡ್ರಿ ಅಂತಾಳ," ಅಂದಳು ಮೈತ್ರಿ.

ಆಮೇಲೆ ಬಾ ತನ್ನ ಕುಂದುಗಳನ್ನೂ ಹೇಳಿದಳು. ಯಾರೂ ಕೇಳಿರಲಿಲ್ಲ. ಒಂದು ಕಣ್ಣು ಕಾಣುವುದಿಲ್ಲ. ಮಗ ಸೊಸೆ ಹಾಲು ಹಾಕಲು, ಹೊಲಕ್ಕೆ ಎಂದು ಹೋದರೆ ದಿನವೆಲ್ಲ ಒಬ್ಬಳೇ, ಒಬ್ಬಳೇ ಮಾತಾಡುತ್ತಾಳೆ, ಜನ ಹುಚ್ಚಿ ಅನ್ನುತ್ತಾರೆ. ನಾಯಿಗೆ ಬೇಜಾರಾಗದಿದ್ದರೆ ಸರಿ.

"ಬ್ಯಾಸರ ಆಗಂಗಿಲ್ಲ ಅನ್ನು," ಅಂದೆ. "ಅದಕ್ಕ ರೂಢಿ ಐತಿ."

ಮೈತ್ರಿ ನನ್ನನ್ನು ಒಂದು ಗಳಿಗೆ ನೋಡಿ, ಆಮೇಲೆ ದಾಟಿಸಿದಳು.

ಹೋಳಿಗೆ ನಾಲ್ಕು ದಿನ ಇರುವಾಗ ಬಿಟ್ಟು ಬಂದೆವು. ಕಿಂಜಲ್‌ಬೆನ್ ತಂದ ಕಾಗದಕ್ಕೆ ಬಾ ಹೆಬ್ಬೆಟ್ಟು ಒತ್ತಿದಳು. ನಾವು ಎದ್ದು ಹೊರಟಾಗ ನಾಯಿ ನಮ್ಮ ಹಿಂದೆ ಬಂತು. ಓಣಿಯ ತಿರುವಿನ ತನಕ ಬಂತು. ಮೈತ್ರಿ ನನ್ನ ಸೆರಗು ಹಿಡಿದು, "ಆಯಿ, ನೀ ಒಮ್ಮೆ ಕೈ ಬಡಿ, ಅದು ಬರತೈತಿ. ಮನಿಗೆ ಒಯ್ಯೂಣು," ಅಂದಳು. ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ. ಅಷ್ಟರಲ್ಲಿ ಜಗಲಿಯ ಮೇಲೆ ಟಪ್ ಟಪ್ ಶುರುವಾಯಿತು. ನಾಯಿ ನನ್ನನ್ನು ನೋಡಿತು, ಜಗಲಿಯ ಕಡೆ ನೋಡಿತು, ತಿರುಗಿ ಹೋಯಿತು. ಆ ಸಪ್ಪಳಕ್ಕೆ ಹೋಗಬೇಕೆಂದು ಅದಕ್ಕೆ ಕಲಿಸಿದವಳು ನಾನೇ.

ಎರಡು ವರ್ಷ ಕಳೆದ ಮೇಲೆ ಸೂರತ್‌ನಲ್ಲಿರುವ ನನ್ನ ಸಣ್ಣ ಮಗನಿಗೆ ಅವಳಿ ಮಕ್ಕಳಾದವು. ನನ್ನನ್ನು ಅಲ್ಲಿಗೆ ಒಯ್ದರು. ಕೆಲವು ತಿಂಗಳೆಂದು ಹೋದವಳು ಆರು ವರ್ಷ ಉಳಿದೆ. ಹೋದ ವರ್ಷ ತಿರುಗಿ ಚಾಂದ್‌ಖೇಡಾಕ್ಕೆ ಬಂದೆ. ಅಷ್ಟರಲ್ಲಿ ಮೈತ್ರಿ ಕಾಲೇಜಿಗೆಂದು ವಡೋದರಾದ ಹಾಸ್ಟೆಲಿಗೆ ಹೋಗಿದ್ದಳು. ನಾನಿಲ್ಲದ ವರ್ಷಗಳಲ್ಲಿ ಮನೆಯ ಮಾತು ಹಿಂದಿಯಾಗಿತ್ತು.

ಈ ಉತ್ತರಾಯಣಕ್ಕೆ ಅವಳು ಮನೆಗೆ ಬಂದಿದ್ದಳು. ಬೆಳಿಗ್ಗೆ ನಾನು ಹಳೆಯ ಊರಿನ ಓಣಿಗೆ ಹೋಗಿ ಬಂದೆ. ಬಾ ಇದ್ದಾಳೆ, ಈಗ ಎರಡೂ ಕಣ್ಣು ಮಂಜು. ಒಲೆಯ ಜಾಗದಲ್ಲಿ ಗ್ಯಾಸು ಬಂದಿದೆ, ಸೊಸೆ ಲಟ್ಟಿಸುತ್ತಾಳೆ. ಮಾಳಿಗೆಗಳ ಮೇಲೆ ಸ್ಪೀಕರುಗಳು ಗುಡುಗುತ್ತಿದ್ದವು. ಜಗಲಿಯ ಮೇಲೆ ಬಿಸಿಲಿಗೆ ಒಂದು ಮುದಿ ನಾಯಿ ಕಾಲು ಚಾಚಿ ಮಲಗಿತ್ತು, ಮೂತಿಯೆಲ್ಲ ಬಿಳಿ. ಹಿಂಗಾಲಿನಲ್ಲಿ ಮಾಂಜಾದ ಗಾಯದ ಗೆರೆ. ಪಕ್ಕದಲ್ಲೇ ಸೊಸೆ ಕಸಬರಿಗೆ ಹಿಡಿದು ಗುಡಿಸುತ್ತಿದ್ದಳು, ಅದು ಕಣ್ಣು ತೆರೆಯಲಿಲ್ಲ. ಬಾ ತನ್ನ ಕಿವಿ ಮುಟ್ಟಿ ಕೈ ಅಲ್ಲಾಡಿಸಿದಳು. ನಾಯಿಗೆ ಕಿವಿ ಕೇಳುವುದಿಲ್ಲ ಅಂತ. ನಾನು ಅದರ ಹತ್ತಿರ ಕೂತು, ಆದರೂ ನೋಡೋಣ ಎಂದು, ನಾಲ್ಕು ಸಲ ಅಂಗೈ ತಟ್ಟಿದೆ. ಅದು ನಿದ್ದೆ ಮಾಡುತ್ತಲೇ ಇತ್ತು. ಹೆದರಿಕೆ ಹೋದದ್ದು ಒಳ್ಳೆಯದೇ ಆಯಿತು. ಅದರ ಜೊತೆಗೆ ಆ ನಾಯಿಯ ಪಾಲಿಗೆ ನಾನೂ ಹೋದೆ.

ಮನೆಗೆ ಬಂದು ಮೈತ್ರಿಗೆ ಹೇಳಿದೆ. ಅವಳು ಮೊಬೈಲಿನಿಂದ ತಲೆ ಎತ್ತಿ ಹಿಂದಿಯಲ್ಲಿ ಕೇಳಿದಳು, ಆ ನಾಯಿಯ ಹೆಸರು ಏನಿತ್ತು ಎಂದು. ಅಷ್ಟು ಹಿಂದಿ ಈಗ ನನಗೆ ತಿಳಿಯುತ್ತದೆ.

"ಹೆಸರು ಇಟ್ಟಿದ್ದಿಲ್ಲವಾ," ಅಂದೆ. "ಇಟ್ಟರ ನಮ್ಮದಾಗತೈತಿ ಅಂತ ಇಟ್ಟಿದ್ದಿಲ್ಲ. ಓಣಿ ತಿರುವಿನ್ಯಾಗ ನೀ ನನ್ನ ಸೆರಗ ಹಿಡಕೊಂಡು ಏನಂದಿ, ನೆನಪೈತೇನು?"

ಅವಳು ನಕ್ಕಳು. ನಾನು ಮೊದಲು ಎದುರುಮನೆಯಾಕೆಗೆ ನಗುತ್ತಿದ್ದೆನಲ್ಲ, ಆ ನಗು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದಳು, "ಮಮ್ಮಾ, ಆಯಿ ಕ್ಯಾ ಬೋಲ್ ರಹೀ ಹೈ?"

ಸುನಂದಾ ಕೈ ಒರೆಸಿಕೊಳ್ಳುತ್ತ ಬಂದು ನಮ್ಮಿಬ್ಬರ ನಡುವೆ ನಿಂತಳು.